ಜಿಂದಾ ವೀರಯ್ಯ

"ಅಮ್ಮಾ, ವೀರಯ್ಯ ತಾತ ಬಂದು ಹೇಳಿದ್ರಷ್ಟ ಅಜ್ಜಿ ಜಿಂದಾ ಏನು? ಹೇಳಲಿಲ್ಲಂದ್ರ ಇಲ್ಲೇನು?"

ಝಾನ್ಸಿ ಇದನ್ನು ಕೇಳಿದ್ದು ಶಾಲೆಗೆ ಹೊರಡುವ ಮುಂಚೆ, ಜಡೆ ಹಾಕಿಸಿಕೊಳ್ಳುತ್ತ. ಪ್ರಶಾಂತಿಯ ಹಲ್ಲಿನ ನಡುವೆ ರಿಬ್ಬನ್ ಇತ್ತು. ಉತ್ತರ ಕೊಡದಿರುವುದಕ್ಕೆ ಅದೇ ನೆಪವಾಯಿತು. ಒಳಗೆ ಗಂಡ ಸಾಯಿನಾಥನ ಮಗ್ಗ ಬಡಿಯುತ್ತಿತ್ತು. ಹೊರಗೆ ಕಟ್ಟೆಯ ಮೇಲೆ ಅತ್ತೆ ಸುಗುಣಮ್ಮ, ಮೊಮ್ಮಗಳ ಮಾತು ಕಿವಿಗೆ ಬಿದ್ದೇ ಇಲ್ಲವೆಂಬಂತೆ, ಹೆಬ್ಬೆರಳುಗಳಿಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಎಣ್ಣೆ ತಿಕ್ಕಿದರೆ ಬೆರಳಿನ ಗೆರೆ ಏಳುತ್ತವೆಂದು ಯಾರೋ ಹೇಳಿದ್ದರು. ಅದಕ್ಕೂ ಮುಂಚೆ ಇನ್ಯಾರೋ ನಿಂಬೆಹಣ್ಣು ಎಂದಿದ್ದರು. ಮನೆಯಲ್ಲಿ ನಿಂಬೆಹಣ್ಣು ಮುಗಿದವೇ ಹೊರತು ಗೆರೆ ಏಳಲಿಲ್ಲ.

ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ವೀರಯ್ಯನ ಮನೆ ಕೇಳಿದರೆ, ಯಾವ ವೀರಯ್ಯ ಎನ್ನುತ್ತಾರೆ. ಜಿಂದಾ ವೀರಯ್ಯ ಎಂದರೆ ಕೈಹಿಡಿದು ಕರೆದೊಯ್ದು ಬಾಗಿಲಿಗೆ ಬಿಟ್ಟುಬರುತ್ತಾರೆ. ಕೈಮಗ್ಗದವರ ಭದ್ರತಾ ನಿಧಿ ಎಂದು ಒಂದಿದೆ. ದುಡಿಯುವಷ್ಟು ದಿನ ನೇಕಾರರು ಅದಕ್ಕೆ ಚಂದಾ ಕಟ್ಟಬೇಕು. ವಯಸ್ಸಾದ ಮೇಲೆ ತಿಂಗಳು ತಿಂಗಳು ಪಿಂಚಣಿ, ಕಣ್ಣು ಮುಚ್ಚಿದರೆ ಮನೆಯವರ ಕೈಗೆ ಒಂದಿಷ್ಟು. ಪಿಂಚಣಿ ತಿನ್ನುವವರು ವರ್ಷಕ್ಕೊಮ್ಮೆ ತಾವಿನ್ನೂ ಬದುಕಿದ್ದೇವೆಂದು ತೋರಿಸಬೇಕು. ಅದನ್ನು ನೋಡಿ ಬರುವ ಆಳಾಗಿ ವೀರಯ್ಯ ಬಹಳ ವರ್ಷ ತಿರುಗಿದ. ಮೊದಲು ಸೈಕಲ್ಲು, ಆಮೇಲೆ ಕೆಮ್ಮುವ ಒಂದು ಟಿವಿಎಸ್. ನಿಧಿಯ ಮೊಹರನ್ನು ಕನ್ನಡಕದ ಡಬ್ಬಿಯಲ್ಲಿಟ್ಟು ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದ.

ಹೊಸ್ತಿಲಾಚೆ ನಿಂತು ಹೆಸರು ಹಿಡಿದು ಕೂಗುವುದು ಅವನ ಪದ್ಧತಿ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವರನ್ನು ಎಬ್ಬಿಸಿದರೆ ಕೈ ಕೆಡುತ್ತದೆಂದು ಅವನಿಗೆ ಗೊತ್ತು. "ಸುಗುಣಮ್ಮಾ" ಎಂದು ರಾಗವಾಗಿ ಕೂಗುವನು. ಒಳಗಿನಿಂದ "ಅದೀನ್ರೀ" ಎಂದು ಉತ್ತರ ಬರಬೇಕು. ಬಂದರೆ "ಜಿಂದಾ" ಎಂದು ತನಗೆ ತಾನೇ ಹೇಳಿಕೊಂಡು, ಮೊಣಕಾಲಿನ ಮೇಲೆ ಕಾಗದ ಇಟ್ಟು ಮೊಹರು ಒತ್ತುವನು. ಉರ್ದುವಿನಲ್ಲಿ ದಫ್ತರು ನಡೆಯುತ್ತಿದ್ದ ಕಾಲದ ಹಿರಿಯ ಗುಮಾಸ್ತನೊಬ್ಬ ಕಲಿಸಿದ್ದ ಮಾತಂತೆ ಅದು, ಬದುಕಿದ್ದಾರೆ ಎಂದು ಅರ್ಥ. ಗುಮಾಸ್ತ ಹೋದ, ಉರ್ದು ಹೋಯಿತು, ಜಿಂದಾ ಮಾತ್ರ ವೀರಯ್ಯನ ಬಾಯಲ್ಲಿ ಜಿಂದಾ ಆಗಿ ಉಳಿಯಿತು.

ಆಗ ಅವನನ್ನು ಯಾರೂ ತಲೆಯ ಮೇಲೆ ಹೊತ್ತು ಮೆರೆಸಿರಲಿಲ್ಲ. ಪ್ರಶಾಂತಿ ಹೊಸ ಸೊಸೆಯಾಗಿ ಬಂದ ವರ್ಷವೇ ಅವನ ಮೇಲೆ ಸಿಟ್ಟು ಮಾಡಿಕೊಂಡಿದ್ದಳು. ಬಂದವನು ಮೊಹರು ಒತ್ತಿ ಹೋಗುವವನಲ್ಲ. ಕಟ್ಟೆಯ ಮೇಲೆ ಕೂರುವನು, ಕೆ.ಟಿ. ದೊಡ್ಡಿಯ ಕಡೆ ಯಾರ ಮನೆಯಲ್ಲಿ ಹೆಣ್ಣಿದೆ, ಗದ್ವಾಲದಲ್ಲಿ ರೇಷ್ಮೆ ಏನು ಭಾವ, ಎಲ್ಲ ಹೇಳುವನು. ಅಷ್ಟರಲ್ಲಿ ಚಹಾ ಬರಬೇಕು. ಹಾಲು ಮಗುವಿಗೆಂದು ತೆಗೆದಿಟ್ಟಿದ್ದರೂ ಬರಬೇಕು. ಓಣಿಯ ಹೆಂಗಸರು ಅವನೆದುರಿಗೇ ಆಡಿಕೊಳ್ಳುತ್ತಿದ್ದರು: "ಚಂದಾ ಕಟ್ಟಿದ್ರ ಜಿಂದಾ, ಚಾ ಕೊಟ್ರ ಇನ್ನಾ ಜಿಂದಾ." ವೀರಯ್ಯ ನಗುತ್ತ ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತಿದ್ದ. "ಸಕ್ರಿ ಒಂಚೂರು ಕಮ್ಮಿ ಆಗೇತ್ರೆವಾ. ಸಕ್ರಿ ಕಮ್ಮಿ ಆದ್ರ ಮೊಹರು ಸರಿಯಾಗಿ ಮೂಡಂಗಿಲ್ಲ."

ಅವನ ಅನ್ನಕ್ಕೆ ಕಲ್ಲು ಬಿದ್ದದ್ದು ಮರಿಕಲ್ ಕಡೆಯ ಮೊಗುಲಪ್ಪನಿಂದ.

ಮೊಗುಲಪ್ಪನ ಎಡಗಾಲು ಮೊದಲಿನಿಂದಲೂ ಸ್ವಾಧೀನದಲ್ಲಿರಲಿಲ್ಲ. ಹಾಗಾಗಿ ಅವನ ಮಗ್ಗದ ಸದ್ದೇ ಬೇರೆ: ಎರಡು ಬಡಿತ, ಒಂದು ತಡೆ, ಎರಡು ಬಡಿತ, ಒಂದು ತಡೆ. ಕುಂಟುವ ಆ ಸದ್ದು ವೀರಯ್ಯನಿಗೆ ಬೀದಿಯ ತುದಿಯಿಂದಲೇ ಗುರುತು. ಒಂದು ವರ್ಷ, ಸುಡುವ ಮಧ್ಯಾಹ್ನ, ಟಿವಿಎಸ್ ಪಂಕ್ಚರ್ ಆಗಿ ತಳ್ಳಿಕೊಂಡು ಬಂದವನು ಬೇವಿನ ನೆರಳು ಬಿಟ್ಟು ಕದಲಲಿಲ್ಲ. ಅಲ್ಲಿಂದಲೇ "ಮೊಗುಲಪ್ಪಾ" ಎಂದು ಕೂಗಿದ. ಒಳಗಿನಿಂದ "ಹೌದ್ರೀ" ಎಂದು ಕೇಳಿತು. ಮಗ್ಗ ಎರಡು ಬಡಿದು ಒಮ್ಮೆ ತಡೆಯಿತು. "ಜಿಂದಾ" ಎಂದ ವೀರಯ್ಯ, ಮೊಹರು ಒತ್ತಿದ.

ಮಗ್ಗದಲ್ಲಿದ್ದವನು ಮಗ ಗೋಪಾಲ. ಮೊಗುಲಪ್ಪ ತೀರಿಹೋಗಿ ಆಗಲೇ ಒಂದು ಹಬ್ಬ ಕಳೆದಿತ್ತು. ಗೋಪಾಲನ ಎರಡೂ ಕಾಲು ಗಟ್ಟಿಯಾಗೇ ಇದ್ದವು; ಆದರೆ ಅಪ್ಪನ ಪಕ್ಕ ಕೂತು ಕಲಿತವನು, ಅಪ್ಪನ ಕುಂಟನ್ನೂ ಕಲಿತಿದ್ದ. ಹೊರಗಿನವರು ಇದು ಮೊಗುಲಪ್ಪನ ಮನೆಯೇ ಎಂದು ಕೇಳುತ್ತಿದ್ದಾರೆಂದುಕೊಂಡು "ಹೌದ್ರೀ" ಎಂದಿದ್ದ. ಅಷ್ಟೇ. ಸತ್ತವನ ಹೆಸರಿಗೆ ಮತ್ತೊಂದು ವರ್ಷ ಪಿಂಚಣಿ ಹರಿಯಿತು, ತಪಾಸಣೆಗೆ ಬಂದವರ ಕಣ್ಣಿಗೆ ಬಿತ್ತು.

ನಿಧಿಯ ದೊಡ್ಡವರು ಸಭೆ ಸೇರಿದರು. ಊರೂರಿಗೆ ಆಳು ಇಟ್ಟು, ಅವರ ಪಗಾರ, ಅವರ ಪೆಟ್ರೋಲು, ಅದರ ಮೇಲೆ ಇಂಥ ತಪ್ಪು. ಇದೆಲ್ಲ ಆಡಳಿತದ ಖರ್ಚು, ನೇಕಾರರ ಚಂದಾ ತಿನ್ನುವ ಖರ್ಚು, ಇಳಿಸಬೇಕು ಎಂದರು. ತಪ್ಪು ಮಾತೇನಲ್ಲ. ಆಳುಗಳನ್ನು ತೆಗೆದರು. ನಾರಾಯಣಪೇಟೆಯಲ್ಲಿದ್ದ ಒಂದು ಕಿಟಕಿಯ ದಫ್ತರನ್ನೂ ಮುಚ್ಚಿ, ಎರಡೂ ಜಿಲ್ಲೆಯ ಕೆಲಸವನ್ನು ಗದ್ವಾಲಕ್ಕೆ ಒಯ್ದರು. ಬದುಕಿದವರು ಹತ್ತಿರದ ಸೇವಾ ಕೇಂದ್ರಕ್ಕೆ ಹೋಗಿ ಹೆಬ್ಬೆಟ್ಟು ಒತ್ತಿದರೆ ಸಾಕು, ಮಿಶನ್ನೇ ಹೇಳುತ್ತದೆ ಎಂದರು.

ವೀರಯ್ಯ ಮೊಗುಲಪ್ಪನ ವಿಷಯ ಬಂದರೆ ತಲೆ ತಗ್ಗಿಸುತ್ತಿದ್ದ. ಅವನಿಗೆ ನೋವಾದದ್ದು ಬೇರೊಂದು ಮಾತಿಗೆ. "ಇಷ್ಟು ದಿನ ನಾ ಮನಷಾ ಅಂತ ತಿಳಕೊಂಡಿದ್ದೆ ಪ್ರಶಾಂತವ್ವಾ. ಖರ್ಚು ಅಂತ ನಾನು. ಮೀಟಿಂಗಿನ್ಯಾಗ ಹಂಗ ಅಂದ್ರು."

ಸುಗುಣಮ್ಮನ ಕಷ್ಟ ಅಲ್ಲಿಂದ ಶುರುವಾಯಿತು. ಅವಳು ನೇಯ್ದವಳಲ್ಲ, ಕೆಚ್ಚಿದವಳು. ಮಗ್ಗದಲ್ಲಿ ಉದ್ದೆಳೆಗಳ ಒಂದು ಹಾಸು ಮುಗಿದಾಗ ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಬೆರಳು ಜಾರದಿರಲೆಂದು ಒಲೆಯ ಬೂದಿ ಮುಟ್ಟಿಕೊಂಡು ಹೊಸೆಯಬೇಕು. ಒಂದು ಸೀರೆಯ ಅಗಲಕ್ಕೇ ಸಾವಿರಾರು ಎಳೆ. ಹುಡುಗಿಯಾಗಿದ್ದಾಗಿನಿಂದ ಬೂದಿಯಲ್ಲಿ ನೂಲು ಹೊಸೆದ ಹೆಬ್ಬೆರಳು ಈಗ ಹೊಳೆಯ ಕಲ್ಲಿನಂತೆ ನುಣ್ಣಗೆ. ಮಿಶನ್ ಅದನ್ನು ನೋಡಿ ಕೆಂಪಾಗುತ್ತಿತ್ತು, ಮತ್ತೆ ಒತ್ತು ಎನ್ನುತ್ತಿತ್ತು, ಮತ್ತೆ ಕೆಂಪಾಗುತ್ತಿತ್ತು. ದಸರೆಯಿಂದ ಪಿಂಚಣಿ ನಿಂತಿತು. ಈ ತಿಂಗಳು ದಾಟಿದರೆ ಹೆಸರನ್ನೇ ತೆಗೆದುಹಾಕುತ್ತಾರೆ ಎಂದು ಕೇಂದ್ರದವರು ಹೇಳಿದ್ದರು.

ಅತ್ತೆಯ ಕೈಗೆ ಬರುವ ಹಣ ದೊಡ್ಡದಲ್ಲ. ಆದರೆ ಅದು ಬರುವಾಗ ಅವಳು ಕಣ್ಣಿನ ಹನಿಯೌಷಧಿಗೆ ಮಗನ ಮುಖ ನೋಡುತ್ತಿರಲಿಲ್ಲ. ಸಂತೆಯಿಂದ ಝಾನ್ಸಿಗೆ ಬಳೆ ತರುತ್ತಿದ್ದಳು, ಪ್ರಶಾಂತಿಗೆ ಹೇಳದೆ. ಈಗ ಔಷಧಿ ಮುಗಿದರೂ ಬಾಯಿಬಿಡುತ್ತಿರಲಿಲ್ಲ. ಖಾಲಿ ಸೀಸೆಯನ್ನೇ ಕಣ್ಣಿನ ಮೇಲೆ ಹಿಡಿದು ಹಿಂಡುತ್ತಿದ್ದುದನ್ನು ಪ್ರಶಾಂತಿ ನೋಡಿದ್ದಳು. ಅದೇ ಸಂಜೆ ಹೋಗಿ ವೀರಯ್ಯನ ಬಾಗಿಲು ಬಡಿದಳು.

"ಎರಡು ಊರಿನ ಮಿಶನ್ ಒಲ್ಲೆ ಅಂದ್ರಷ್ಟ ಗದ್ವಾಲದಾಗ ಕೇಳ್ತಾರವ್ವಾ," ಎಂದ ವೀರಯ್ಯ. "ನಮ್ಮೂರಿಂದು ಆತು. ನಾಳಿ ಮಕ್ತಲ್‌ದಾಗ ಒಮ್ಮಿ ಒತ್ತಿಸಿ, ಹಂಗ ಮುಂದ ಹೋಗೋಣ. ನಾನೂ ಬರ್ತೀನಿ. ನನಗೇನು ಕೆಲಸ, ಖರ್ಚಿಗೆ."

ಬಸ್ಸಿನಲ್ಲಿ ಕಂಡಕ್ಟರ್ ಹೆಂಗಸರಿಬ್ಬರಿಗೂ ಸೊನ್ನೆ ಟಿಕೆಟ್ ಹರಿದುಕೊಟ್ಟು ವೀರಯ್ಯನ ಮುಂದೆ ಕೈಚಾಚಿದ. ಸುಗುಣಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. "ನಾವಿಬ್ರೂ ಪುಕ್ಕಟ್ರೀ ವೀರಯ್ಯನೋರ. ನೀವೊಬ್ರ ಖರ್ಚು."

"ಹೌದವ್ವಾ, ಇಲ್ಲೂ ನಾನ ಖರ್ಚು," ಎಂದು ವೀರಯ್ಯ ಜೇಬು ತಡಕಿದ. ಪ್ರಶಾಂತಿ ತಾನೇ ಕೊಡಲು ಹೋದರೆ ಕೈ ಅಡ್ಡ ಹಿಡಿದ.

ಮಕ್ತಲ್‌ನ ಕೇಂದ್ರದಲ್ಲಿ ಕಲ್ಯಾಣ್ ಎಂಬ ಹುಡುಗ ಸುಗುಣಮ್ಮನ ಬೆರಳನ್ನು ತನ್ನ ಅಂಗಿಯಿಂದಲೇ ಒರೆಸಿ, ಉಸಿರು ಊದಿ, ಬೇರೆ ಬೇರೆ ಬೆರಳು ಇಟ್ಟು ನೋಡಿದ. ಒಳ್ಳೆಯ ಹುಡುಗ. ಆದರೂ ಕೆಂಪು ದೀಪವೇ.

"ಅಜ್ಜೀ, ನಿನ್ನ ಬೆರಳು ಅಳಿಸಿ ಹೋಗ್ಯಾವ."

"ಅಳಿಸಿ ಎಲ್ಲಿಗೆ ಹೋಗ್ತಾವೋ ಅಪ್ಪಾ. ನಿಮ್ಮವ್ವನ ಸೀರ್ಯಾಗ ಕುಂತಾವ, ಹೋಗಿ ನೋಡು."

ಆಗಲಿ ಬಿಡಲಿ, ಒತ್ತಿದ್ದಕ್ಕೆ ಚಾರ್ಜು ಇತ್ತು. ಪ್ರಶಾಂತಿ ಕೊಟ್ಟಳು. ಬೆಳಗ್ಗೆ ಹೊರಟಾಗಿನಿಂದ ಅವಳ ಫೋನು ಗುಂಯ್‌ಗುಡುತ್ತಲೇ ಇತ್ತು. ಹೈದರಾಬಾದಿನ ಗಿರಾಕಿಯೊಬ್ಬಳಿಗೆ ಸೀರೆಗಳ ಫೋಟೊ ಕಳಿಸಬೇಕಿತ್ತು. ತಡವಾದರೆ ಅವಳು ಬೇರೆಯವರಲ್ಲಿ ಕೊಳ್ಳುತ್ತಾಳೆ. ಸಾಯಿನಾಥನ ಲಾಳಿಗೆ ನೂಲಿನ ಕಂಡಿಕೆ ಸುತ್ತಿಟ್ಟು ಬಂದದ್ದು ಮಧ್ಯಾಹ್ನದವರೆಗೆ ಸಾಕಾಗಬಹುದು, ಆಮೇಲೆ ಮಗ್ಗ ನಿಲ್ಲುತ್ತದೆ. ಝಾನ್ಸಿಯನ್ನು ಶಾಲೆಯಿಂದ ಕರೆತರಲು ಪಕ್ಕದ ಮನೆಯ ಸರಿತಾಳಿಗೆ ಹೇಳಿ ಬಂದಿದ್ದಳು. ಇನ್ನೊಂದು ಸಲ ಕೇಳಿದರೆ ಸರಿತಾ ಒಪ್ಪುವವಳಲ್ಲ. ನಿಧಿಯವರು ಖರ್ಚು ಇಳಿಸಿದರು, ಸರಿ. ಇಳಿಸಿದ್ದನ್ನು ಎಲ್ಲಿ ಇಟ್ಟರು ಎಂದು ಪ್ರಶಾಂತಿಗೆ ಈಗ ಕಾಣುತ್ತಿತ್ತು. ಜುರಾಲ ಅಣೆಕಟ್ಟಿನ ಮೇಲೆ ಬಸ್ಸು ಹೋಗುವಾಗ ಅತ್ತೆ ಕೃಷ್ಣೆಗೆ ಕೈಮುಗಿದಳು. ಪ್ರಶಾಂತಿ ಕೈಮುಗಿಯಲಿಲ್ಲ, ಅಷ್ಟು ಸಿಟ್ಟು ಬಂದಿತ್ತು.

ಗದ್ವಾಲದ ದಫ್ತರು ಒಂದು ನೂಲಿನ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲು ಕಡಿದಾಗಿತ್ತು, ಅತ್ತೆಯನ್ನು ಇಬ್ಬರೂ ಹಿಡಿದು ಹತ್ತಿಸಬೇಕಾಯಿತು. ಒಳಗೆ ಬಾಗಿಲ ಎದುರಿಗೇ ಒಂದು ಬೋರ್ಡು: ನಿಧಿಯ ನೂರು ರೂಪಾಯಿಯಲ್ಲಿ ಆಡಳಿತಕ್ಕೆ ಎರಡೇ ರೂಪಾಯಿ. ಅದರ ಕೆಳಗೆ ಕಾಯುವವರ ಸಾಲು ಗೋಡೆಗೊರಗಿ ಕೂತಿತ್ತು. ಉಂಡವಳ್ಳಿಯಿಂದ ಬಂದ ಮುದುಕನೊಬ್ಬ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದ. ಕುರ್ಚಿಗಳಿರಲಿಲ್ಲ. ಎರಡು ರೂಪಾಯಿಯಲ್ಲಿ ಕುರ್ಚಿ ಬರುವುದಿಲ್ಲ.

ಮೇಜಿನ ಹಿಂದೆ ಒಬ್ಬಳೇ ಹುಡುಗಿ, ನವನೀತಾ. ಪ್ರಶಾಂತಿಗಿಂತ ಚಿಕ್ಕವಳು. ಎರಡು ಜಿಲ್ಲೆಗೂ ಅವಳೊಬ್ಬಳೇ. ಸರದಿ ಬರುವಷ್ಟರಲ್ಲಿ ಪ್ರಶಾಂತಿ ಮನಸ್ಸಿನಲ್ಲಿ ಒಂದು ಜಗಳವನ್ನು ಪೂರ್ತಿ ಸಿದ್ಧಮಾಡಿದ್ದಳು. ಹತ್ತಿರ ಹೋಗಿ ಆ ಹುಡುಗಿಯ ಒಣಗಿದ ತುಟಿ, ಮುಚ್ಚಳ ತೆಗೆಯದ ಊಟದ ಡಬ್ಬಿ ನೋಡಿ ಅರ್ಧ ಜಗಳ ಗಂಟಲಲ್ಲೇ ನಿಂತಿತು.

"ಚೆಪ್ಪಂಡಿ," ಏನು ಹೇಳಿ ಎಂದು ತೆಲುಗಿನಲ್ಲಿ ಕೇಳಿದಳು ನವನೀತಾ, ತಲೆ ಎತ್ತದೆ. ಎತ್ತಿದ ಮೇಲೆ ವೀರಯ್ಯನನ್ನು ಕಂಡು ಕನ್ನಡಕ್ಕೆ ಬಂದಳು. "ಅಯ್ಯ, ವೀರಯ್ಯ ಸಾರ್. ನೀವ್ಯಾಕ ಬಂದ್ರಿ?"

"ನಾ ಸಾರ್ ಅಲ್ಲಮ್ಮಾ ಈಗ. ಈಕಿ ಸುಗುಣಮ್ಮ, ನಾರಾಯಣಪೇಟ. ಮಿಶನ್ ಈಕಿನ್ನ ಒಲ್ಲೆ ಅಂತೈತಿ. ನಾ ಕಣ್ಣಾರ ನೋಡಿ ಹೇಳಾಕತ್ತೀನಿ, ಜಿಂದಾ ಅದಾಳ."

"ನೀವು ಹೇಳಿದ್ರ ಆಗಂಗಿಲ್ಲ ಸಾರ್." ಅವಳು ದನಿ ತಗ್ಗಿಸಿದಳು. "ನೀವು ಜಿಂದಾ ಅಂದೋರೊಳಗ ಮಣ್ಣಾಗಿರೋರೂ ಇದ್ರು."

ವೀರಯ್ಯ ಗೋಡೆಯ ಕಡೆ ತಿರುಗಿದ. ಕಿವಿ ಕೆಂಪಾಗಿತ್ತು. ಆ ಕಿವಿಯಲ್ಲಿ ಮೊಗುಲಪ್ಪನ ಮಗ್ಗ ಮತ್ತೊಮ್ಮೆ ಎರಡು ಬಡಿದು ತಡೆಯಿತು.

"ಬೆರಳು ಬ್ಯಾಡ ಬಿಡ್ರಿ," ಎಂದಳು ನವನೀತಾ. "ಮುಖ ತೋರಿಸೋ ಆಪ್ ಬಂದೈತಿ. ಈ ದಫ್ತರಿನ ಫೋನಿನ ಕ್ಯಾಮೆರಾ ಒಡದೈತಿ, ಅಕ್ಕಾ, ನಿಮ್ಮ ಫೋನ್ ಕೊಡ್ರಿ."

ಪ್ರಶಾಂತಿಯ ಫೋನಿನಲ್ಲಿ ಆಪ್ ಇಳಿಯಿತು. ಸುಗುಣಮ್ಮನ ಮುಖ ಒಂದು ದುಂಡಗಿನ ಗೆರೆಯೊಳಗೆ ಬಂತು. ಕಣ್ಣು ಮಿಟುಕಿಸಿ ಎಂದಿತು ಪರದೆ.

ಸುಗುಣಮ್ಮ ನೋಡುತ್ತಲೇ ಇದ್ದಳು.

"ಕಣ್ಣು ಮಿಟುಕಿಸು ಅತ್ತಿ."

"ಮಿಟುಕಿಸಾಕತ್ತೀನಲ್ಲ."

ಮಿಟುಕಿಸುತ್ತಿರಲಿಲ್ಲ. ಕೆಚ್ಚುವವರು ಹತ್ತಿರದ ವಸ್ತುವನ್ನು ನೋಡುವಾಗ ರೆಪ್ಪೆ ಬಡಿಯುವುದಿಲ್ಲ. ಬಡಿದರೆ ಎಳೆ ತಪ್ಪುತ್ತದೆ. ಫೋನನ್ನು ಮುಖಕ್ಕೆ ಹಿಡಿದದ್ದೇ ತಡ, ಅವಳ ಕಣ್ಣು ಹಾಸಿನ ಮೇಲೆ ನಿಂತಂತೆ ನಿಂತುಬಿಟ್ಟಿತು. ಜೀವಂತ ವ್ಯಕ್ತಿ ಕಂಡುಬಂದಿಲ್ಲ ಎಂದಿತು ಪರದೆ. ಮತ್ತೆ ಹಿಡಿದರು, ಮತ್ತೆ ಅದನ್ನೇ ಹೇಳಿತು. ಹಿಂದಿನ ಸಾಲಿನವರು ಗೊಣಗತೊಡಗಿದರು. ಪ್ರಶಾಂತಿ ಅತ್ತೆಯ ತೋಳನ್ನು ಸ್ವಲ್ಪ ಜೋರಾಗಿಯೇ ಹಿಡಿದಳು, ಹಿಡಿದದ್ದಕ್ಕೆ ತಾನೇ ನಾಚಿದಳು. "ಇದೂ ಒಲ್ಲೆ ಅಂತಲ್ಲವ್ವಾ," ಎಂದಳು ಸುಗುಣಮ್ಮ. ಹಗುರವಾಗಿ ಹೇಳಲು ನೋಡಿದ್ದಳು, ದನಿ ಅವಳ ಮಾತು ಕೇಳಲಿಲ್ಲ. "ಹೋಗೋಣ ನಡಿ. ಇಲ್ಲ ಅಂತಿದ್ರ ಇಲ್ಲ."

ಆಗ ವೀರಯ್ಯ ಯಾರಿಗೂ ಹೇಳದೆ ಹೊರಗೆ ಹೋದ. ಹೊಸ್ತಿಲಾಚೆ ನಿಂತ. ಗಂಟಲು ಸರಿಮಾಡಿಕೊಂಡು, ಓಣಿಯಲ್ಲಿ ಕೂಗುತ್ತಿದ್ದ ಅದೇ ರಾಗದಲ್ಲಿ ಕೂಗಿದ:

"ಸುಗುಣಮ್ಮಾ."

"ಅದೀನ್ರೀ," ಎಂದಳು ಸುಗುಣಮ್ಮ. ಹೇಳುತ್ತಿದ್ದಂತೆ ಅವಳ ಎರಡೂ ರೆಪ್ಪೆ ಮೆಲ್ಲಗೆ ಇಳಿದು, ಮೆಲ್ಲಗೆ ಎದ್ದವು. ಕೆಚ್ಚುವ ದಿನಗಳಲ್ಲಿ ಅವನು ಕೂಗಿದಾಗಲೇ ಅವಳು ಎಳೆ ಬಿಟ್ಟು ಕಣ್ಣು ಮುಚ್ಚಿ ಒಂದು ಗಳಿಗೆ ದಣಿವಾರಿಸಿಕೊಳ್ಳುತ್ತಿದ್ದದ್ದು. ಅವಳ ಮುಖಕ್ಕೆ ಹಿಡಿದೇ ಇದ್ದ ಪರದೆ ಹಸಿರಾಯಿತು.

ಗೋಡೆಗೊರಗಿದ್ದ ಉಂಡವಳ್ಳಿಯ ಮುದುಕ ರೊಟ್ಟಿ ಕೆಳಗಿಟ್ಟು, "ನನ್ನೂ ಹಂಗ ಒಮ್ಮಿ ಕರೀರಪಾ," ಎಂದ. ಎಲ್ಲರೂ ನಕ್ಕರು. ಪ್ರಶಾಂತಿಗೆ ನಗು ಬರಲಿಲ್ಲ.

"ಮನ್ಯಾಗ ಕುಂತು, ನನ್ನ ಫೋನಿನ್ಯಾಗ ಆಗೋ ಕೆಲಸ ಇದು," ಎಂದಳು ನವನೀತಾಳಿಗೆ. "ದಸರಾದಿಂದ ಈ ಜೀವ ಬೆರಳಿಗೆ ನಿಂಬಿಹಣ್ಣು ತಿಕ್ಕಾಕತ್ತೈತಿ. ಒಂದು ಮಾತು ಹೇಳಾಕ ಆಗಲಿಲ್ಲ ನಿಮಗ?"

"ಎಲ್ಲಾರಿಗೂ ಮೆಸೇಜ್ ಹೋಗೈತಿ ಅಕ್ಕಾ."

"ಯಾರಿಗೆ? ಅತ್ತಿಗೆ ಫೋನ ಇಲ್ಲ."

ನವನೀತಾ ಕಂಪ್ಯೂಟರಿನಲ್ಲಿ ನಂಬರು ನೋಡಿದಳು. ಓದಿ ಹೇಳಿದಳು. ವೀರಯ್ಯ ಅರ್ಧದಲ್ಲೇ ಉಳಿದ ಅಂಕಿಗಳನ್ನು ತಾನೇ ಹೇಳಿ ಮುಗಿಸಿದ. ಅವನ ಮುಖದಲ್ಲಿ ರಕ್ತ ಇರಲಿಲ್ಲ.

ಫೋನಿಲ್ಲದ ಮುದುಕಿಯರ ಹೆಸರಿನ ಮುಂದೆ ಅವನು ತನ್ನ ನಂಬರನ್ನೇ ಬರೆಸಿದ್ದ. ಏನೇ ಸುದ್ದಿ ಬಂದರೂ ಹೇಗೂ ತಾನೇ ಹೋಗಿ ಹೇಳುವವನಲ್ಲವೆ. ಅದು ನಿಧಿ ಕೊಟ್ಟಿದ್ದ ಫೋನು. ಕೆಲಸದಿಂದ ತೆಗೆದ ದಿನ ಮೊಹರಿನ ಜೊತೆ ಅದನ್ನೂ ಒಪ್ಪಿಸಿ ಬಂದಿದ್ದ. ನವನೀತಾ ಮೇಜಿನ ಕೆಳಗಿನ ಡ್ರಾಯರ್ ಎಳೆದಳು. ಅಲ್ಲಿತ್ತು, ಬಟನ್ನಿನ ಹಳೆಯ ಫೋನು, ವೀರಯ್ಯ ಸುತ್ತಿಕೊಟ್ಟಿದ್ದ ಕರವಸ್ತ್ರದಲ್ಲೇ. ಯಾರೂ ಚಾರ್ಜಿಗೆ ಹಾಕಿರಲಿಲ್ಲ. ಹಾಕುವುದಕ್ಕೆ ಆಳು ಇರಲಿಲ್ಲ.

ನವನೀತಾ ಡ್ರಾಯರ್ ಮುಚ್ಚಿ ಹೇಳಿದಳು: "ನಾನೊಬ್ಬಾಕಿ ಅದೀನಿ ಅಕ್ಕಾ. ಊರೂರಿಗೆ ಹೋಗಿ ಹೇಳಾಕ ನನಗ ಬರಂಗಿಲ್ಲ. ಆಪ್ ಮಾತ್ರ ಯಾರ ಫೋನಿನ್ಯಾಗಾದ್ರೂ ನಡೀತೈತಿ."

ಮಕ್ತಲ್‌ನಲ್ಲಿ ಇಳಿದು ನಾರಾಯಣಪೇಟೆಯ ಬಸ್ಸಿಗೆ ಕಾಯುವಾಗ ಹೊತ್ತು ಇಳಿದಿತ್ತು. ಸುಗುಣಮ್ಮ ಕಲ್ಲುಬೆಂಚಿನ ಮೇಲೆ ಸೆರಗು ಹೊದ್ದು, ಮೆಣಸಿನಕಾಯಿ ಬಜ್ಜಿಯ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು, ಮೊಮ್ಮಗಳಿಗೆಂದು ಎರಡನ್ನು ಬೇರೆ ಕಟ್ಟುತ್ತಿದ್ದಳು. ಪಿಂಚಣಿ ಬರುವ ಮೊದಲೇ ಖರ್ಚು ಶುರುಮಾಡಿದ್ದಳು. ಸರಿತಾಳಿಂದ ಫೋನು ಬಂದು, ಝಾನ್ಸಿ ಅಳುತ್ತಿಲ್ಲ, ಆದರೆ ನೀನು ಇನ್ನೂ ಯಾಕೆ ಬಂದಿಲ್ಲ ಎಂದು ಕೇಳಿಯಾಗಿತ್ತು. ಹೈದರಾಬಾದಿನವಳು ಬೇರೆ ಕಡೆ ಕೊಂಡಿದ್ದಳು.

ವೀರಯ್ಯ ಬೆಂಚಿನ ತುದಿಯಲ್ಲಿ ಕೂತು ಬಜ್ಜಿ ಮುಟ್ಟಿರಲಿಲ್ಲ. ಮರಿಕಲ್‌ನ ಬುಗ್ಗಮ್ಮ ಎಂದು ಒಮ್ಮೆ ತನ್ನಷ್ಟಕ್ಕೆ ಅಂದ. ಸ್ವಲ್ಪ ಹೊತ್ತು ಬಿಟ್ಟು, ಮೇಲಿನ ಓಣಿಯ ಬಾಲರಾಜನ ಅವ್ವ ಎಂದ. ತನ್ನ ನಂಬರು ಬರೆಸಿದ್ದ ಹೆಸರುಗಳು ಒಂದೊಂದಾಗಿ ನೆನಪಿಗೆ ಬರುತ್ತಿದ್ದವು. ಅವರಿಗೂ ತಿಂಗಳು ದಾಟಲು ಅಷ್ಟೇ ದಿನ ಉಳಿದಿದ್ದವು.

"ಇಂಥಾದೊಂದು ಫೋನು ಕೊಂಡ್ರೂ ನನಗ ನಡಸಾಕ ಬರಂಗಿಲ್ಲ," ಎಂದ ಕೊನೆಗೆ, ಬಸ್ಸು ಬರುವ ದಾರಿಯನ್ನೇ ನೋಡುತ್ತ. "ಕಣ್ಣೂ ಮಂಜು. ಮಂದೀನ ಕರಕೊಂಡು ಬರಾಕ ಬರತೈತಿ, ಕರಿಯಾಕ ಬರತೈತಿ. ಅಷ್ಟ."

ಪ್ರಶಾಂತಿಗೆ ಮಾತು ಎಲ್ಲಿಗೆ ಹೊರಟಿದೆ ಎಂದು ಗೊತ್ತಾಯಿತು. ಗೊತ್ತಾಗಿ, ಕೈಯಲ್ಲಿದ್ದ ಫೋನನ್ನು ಸೆರಗಿನೊಳಗೆ ತೆಗೆದುಕೊಂಡಳು. ತನ್ನ ಕಂಡಿಕೆಗಳು, ತನ್ನ ಗಿರಾಕಿಗಳು, ತಿಂಗಳ ನಡುವೆಯೇ ಮುಗಿಯುವ ಡೇಟಾ, ಎಲ್ಲ ಒಟ್ಟಿಗೆ ಕಣ್ಣೆದುರು ಬಂದವು. ಅದರ ಹಿಂದೆಯೇ ಖಾಲಿ ಸೀಸೆ ಹಿಂಡುತ್ತಿದ್ದ ಅತ್ತೆ ಬಂದಳು.

"ಸಿಟ್ಟಾಗಬ್ಯಾಡ ಪ್ರಶಾಂತವ್ವಾ," ಎಂದ ವೀರಯ್ಯ. "ನಿಮ್ಮ ಕಟ್ಟಿ ಮ್ಯಾಲ ಬೆಳಕ ಚಲೋ ಬೀಳತೈತಿ, ಸಿಗ್ನಲ್ಲೂ ಸಿಗತೈತಿ. ಈ ತಿಂಗಳು ಮುಗಿಯೋತನಕ ಸಂಜೀ ಮುಂದ ನಾ ಒಬ್ಬೊಬ್ರನ್ನ ಕರಕೊಂಡು ಬರ್ತೀನಿ. ಹೊಸ್ತಲಾಚೆ ನಿಂತು ಹೆಸರು ನಾ ಕೂಗ್ತೀನಿ, ನೀ ಫೋನ್ ಹಿಡಿದ್ರ ಸಾಕು. ನಿನಗ ಇದು ಪುಕ್ಕಟ ದಂಡ ಅಂತ ನನಗ ಗೊತ್ತೈತಿ. ಚಾ ಕೇಳಂಗಿಲ್ಲ ತಾಯಿ. ಹಿಡೀತಿಯೇನು?"